ಸೊನೆಯ ವಾಸನೆ

(ಶಿವಮೊಗ್ಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಹವಳದ ಬಗ್ಗೆ ಮಾತಾಡಿ ಎಂದು ಸಂಘಟಕರು ಫೋನು ಮಾಡಿದಾಗ ನಾನು ನಕ್ಕುಬಿಟ್ಟೆ. ಶಿವಮೊಗ್ಗಕ್ಕೂ ಸಮುದ್ರಕ್ಕೂ ನಡುವೆ ಒಂದು ಇಡೀ ಘಟ್ಟಸಾಲು ಇದೆ. ಹವಳ ಎಂದರೆ ನಮ್ಮ ಊರಿನಲ್ಲಿ ಗಾಂಧಿ ಬಜಾರಿನ ಚಿನ್ನದಂಗಡಿ, ಕುಜದೋಷ, ಉಂಗುರ, ಅಷ್ಟೇ. ಭದ್ರಾವತಿಯ ಪೇಪರ್ ಟೌನಿನಲ್ಲಿ ಬೆಳೆದ, ಮೂವತ್ತು ಚಿಲ್ಲರೆ ವರ್ಷ ಹುಡುಗರಿಗೆ ಪ್ರಾಣಿಶಾಸ್ತ್ರ ಹೇಳಿದ ನಾನು ಜೀವಂತ ಹವಳ ನೋಡಿದ್ದು ಒಂದೇ ಸಲ. ಅದೂ ನಿವೃತ್ತಿಯಾದ ಮೇಲೆ, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ಅರ್ಧ ದಾರಿಯಲ್ಲಿ ತಿಂದದ್ದನ್ನೆಲ್ಲ ಕಕ್ಕಿ, ಆಮೇಲೆ ನೀರಿಗೆ ಮುಖವಿಟ್ಟು. ಆದರೂ ಒಪ್ಪಿಕೊಂಡೆ. ಹವಳದ ಕಥೆಯನ್ನು ಹಿಡಿದು ಹೊರಟರೆ ಅದು ತಿರುಗಿ ಆಗುಂಬೆಗೂ ತುಂಗೆಗೂ ಬಂದು ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು.

ಉಂಗುರದ ಗೊಂದಲವನ್ನು ಮೊದಲೇ ಮುಗಿಸಿಬಿಡೋಣ. ಜೋಯಿಸರು ಹಾಕಿಕೊಳ್ಳಲು ಹೇಳುವ ಕೆಂಪು ಹವಳಕ್ಕೂ ಸಮುದ್ರದಲ್ಲಿ ದಿಬ್ಬ ಕಟ್ಟುವ ಹವಳಕ್ಕೂ ದೂರದ ನೆಂಟಸ್ತನ ಮಾತ್ರ. ಉಂಗುರದ್ದು ಮೆಡಿಟರೇನಿಯನ್ ಕಡಲಿನ ಅರೆಗತ್ತಲಲ್ಲಿ ಬೆಳೆಯುವಂಥದು. ಅದರ ಒಂದೊಂದು ಪುಟ್ಟ ಜೀವಿಗೂ ಎಂಟು ಕರಬಳ್ಳಿ. ದಿಬ್ಬ ಕಟ್ಟುವ ಹವಳಕ್ಕೆ ಆರು, ಇಲ್ಲವೇ ಆರರ ಮಗ್ಗಿಯಲ್ಲಿ ಬರುವಷ್ಟು. ಅದು ಬಿಸಿಲು ಬೀಳುವ ಬೆಚ್ಚಗಿನ ನೀರನ್ನು ಬಯಸುತ್ತದೆ. ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಇಟ್ಟುಕೊಂಡು ಸಾಕುತ್ತದೆ. ಪಾಚಿ ಬಿಸಿಲಲ್ಲಿ ಸಕ್ಕರೆ ತಯಾರಿಸಿ ಬಾಡಿಗೆ ಕೊಡುತ್ತದೆ. ಆ ಬಲದಲ್ಲಿ ಹವಳ ತನ್ನ ಬುಡಕ್ಕೆ ಸುಣ್ಣದ ಮನೆ ಕಟ್ಟುತ್ತಾ ಹೋಗುತ್ತದೆ. ನೀರು ಅತಿಯಾಗಿ ಕಾದರೆ ಈ ಸಂಸಾರ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ.

ಹೀಗೆ ಒಂದು ಹೆಸರು, ಎರಡು ಪ್ರಾಣಿ. ಉಂಗುರದ್ದನ್ನೂ ದಿಬ್ಬದ್ದನ್ನೂ ನೋಡಿದವರು ಬೇರೆ ಎಂದು ಹೇಳಿಬಿಡಬಹುದು. ನೋಡಿದರೂ ಹೇಳಲಾಗದಂಥವು ಇವೆ. ಅವೇ ಇವತ್ತಿನ ವಿಷಯ.

ಕಣ್ಣೊಂದೇ ಸಾಲದು ಎಂಬುದನ್ನು ನನಗೆ ಮೊದಲು ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ಸಾಗರದ ಕಡೆಯ ನನ್ನ ಅಮ್ಮಮ್ಮ. ಬೇಸಿಗೆ ರಜೆಯಲ್ಲಿ ಅಪ್ಪೆಮಿಡಿ ಕೊಯ್ಯುವ ಕಾಲ. ಹೊಳೆದಂಡೆಯ ಮರಗಳಿಂದ ಗೋಣಿಚೀಲದಲ್ಲಿ ಮಿಡಿ ಬರುತ್ತಿತ್ತು. ಜಗುಲಿಯ ಮೇಲೆ ಸುರಿದರೆ ನನ್ನ ಕಣ್ಣಿಗೆ ಎಲ್ಲವೂ ಒಂದೇ: ಹಸಿರು, ಉದ್ದನೆ, ತೊಟ್ಟಿನ ಸಮೇತ. ಅಮ್ಮಮ್ಮ ಒಂದೊಂದನ್ನೇ ಎತ್ತಿ ತೊಟ್ಟು ಚಿವುಟಿ, ಚಿಮ್ಮಿದ ಸೊನೆಯನ್ನು ಮೂಗಿನ ಹತ್ತಿರ ಹಿಡಿದು, ಬೇರೆ ಬೇರೆ ಬುಟ್ಟಿಗೆ ಹಾಕುತ್ತಿದ್ದಳು. ಇದು ಜೀರಿಗೆ, ಇದು ಕರ್ಪೂರ, ಇದು ಯಾವುದೂ ಅಲ್ಲ, ದನಕ್ಕೆ ಹಾಕು. ನಾನು ಕಣ್ಣರಳಿಸಿ ನೋಡುತ್ತಾ ಕೂತರೆ, “ಕಣ್ಣಲ್ಲಿ ನೋಡಡ ತಮಾ, ಮೂಸಿ ನೋಡು” ಅನ್ನುತ್ತಿದ್ದಳು. ನಮ್ಮ ಸಾಗರ ಸೀಮೆಯಲ್ಲಿ ಅಪ್ಪೆಮರಗಳಿಗೆ ಮನುಷ್ಯರಿಗೆ ಇದ್ದ ಹಾಗೆ ಹೆಸರುಗಳಿವೆ: ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ, ಗೆಣಸಿನಕುಳಿ ಜೀರಿಗೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇವೆಲ್ಲ ಒಂದೇ ಮಾವು. ಉಪ್ಪಿನಕಾಯಿ ಹಾಕುವ ಹೆಂಗಸಿಗೆ ಅಲ್ಲ. ಒಂದು ಮಿಡಿ ಎರಡು ವರ್ಷ ಗರಿಗರಿಯಾಗಿ ಉಳಿಯುತ್ತದೆ, ಇನ್ನೊಂದು ಎರಡು ತಿಂಗಳಿಗೆ ಮೆತ್ತಗಾಗುತ್ತದೆ. ಭರಣಿಯೊಳಗೆ ಬಿದ್ದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಈಗ ವಿಜ್ಞಾನಿಗಳು ಡಿಎನ್‌ಎ ಓದಿ ಮಾಡುವುದನ್ನು ನಾನು ಸೊನೆ ಮೂಸುವುದು ಎಂದೇ ಕರೆಯುತ್ತೇನೆ. ಹುಡುಗರು ನಗುತ್ತಾರೆ, ನಗಲಿ.

ಹವಳದಲ್ಲಿ ಕಣ್ಣು ಮೋಸಹೋಗುವುದು ಎರಡು ಬಗೆಯಲ್ಲಿ. ಒಂದೇ ಹವಳ ಅಲೆ ಹೊಡೆಯುವ ಕಡೆ ಗಿಡ್ಡವಾಗಿ ದಪ್ಪಗೆ ಬೆಳೆಯುತ್ತದೆ, ನಿಂತ ನೀರಿನಲ್ಲಿ ಸಪೂರಾಗಿ ಕವಲೊಡೆಯುತ್ತದೆ, ಬೆಳಕು ಕಡಿಮೆಯಾದ ಆಳದಲ್ಲಿ ತಟ್ಟೆಯ ಹಾಗೆ ಹರಡಿಕೊಳ್ಳುತ್ತದೆ. ಹಳೆಯ ಕಾಲದವರು ಇವಕ್ಕೆ ಬೇರೆ ಬೇರೆ ಹೆಸರಿಟ್ಟದ್ದುಂಟು. ಆಮೇಲೆ ಬಂದವರು, ಇವೆಲ್ಲ ಒಂದೇ, ಪರಿಸರದ ಆಟ ಎಂದು ಹೆಸರುಗಳನ್ನು ಒಟ್ಟುಗೂಡಿಸಿದರು. ಡಿಎನ್‌ಎ ಬಂದ ಮೇಲೆ ತಿಳಿದದ್ದು ಮೂರನೆಯ ಮಾತು: ನಿಜಕ್ಕೂ ಬೇರೆಯಾದವು ಒಂದೇ ಆಕಾರದ ಹಿಂದೆ ಅಡಗಿ ಕೂತಿವೆ.

ಪ್ಯಾಕಿಸೆರಿಸ್ ಸ್ಪೆಸಿಯೋಸ ಎಂಬ ಹವಳ ಇದೆ. ಅಗಲವಾದ ತಟ್ಟೆ, ಅದರ ಮೇಲೆ ಚಕ್ಕುಲಿ ಸುತ್ತಿದ ಹಾಗೆ ಒಂದರ ಪಕ್ಕ ಒಂದು ಏಣು. ಹಿಂದೂ ಮಹಾಸಾಗರದಿಂದ ಶಾಂತಸಾಗರದವರೆಗೆ ಸಿಗುವ, ಯಾರೂ ವಿಶೇಷವಾಗಿ ಗಮನಿಸದ ಮಾಮೂಲಿ ಹವಳ. ಪಿಮ್ ಬೋಂಗರ್ಟ್ಸ್ ಮತ್ತು ಸಂಗಡಿಗರು ಇದರ ಜೀನೋಮ್ ಓದಿ 2021ರಲ್ಲಿ ಪ್ರಕಟಿಸಿದರು. ಆಸ್ಟ್ರೇಲಿಯಾದ ಮಹಾ ಹವಳದಿಬ್ಬದಲ್ಲಿ ಅಕ್ಕಪಕ್ಕದಲ್ಲೇ ಬದುಕುವ ಈ ಒಂದು ಹೆಸರಿನೊಳಗೆ ಬೇರೆ ಬೇರೆ ವಂಶಗಳಿದ್ದವು. ಹೊರನೋಟಕ್ಕೆ ಮಾತ್ರವಲ್ಲ, ಸುಣ್ಣದ ಗೂಡನ್ನು ತೊಳೆದು ಭೂತಗನ್ನಡಿಯಲ್ಲಿ ಇಟ್ಟರೂ ಹೇಳಲು ಬರುವುದಿಲ್ಲ. ಆದರೆ ಒಂದು ಮೇಲಿನ ನೀರಿನಲ್ಲಿ ಹೆಚ್ಚು, ಇನ್ನೊಂದು ಆಳದಲ್ಲಿ ಹೆಚ್ಚು. ಮೊಟ್ಟೆ, ವೀರ್ಯ ನೀರಿಗೆ ಬಿಡುವ ಹೊತ್ತೂ ಹೊಂದಿಕೆಯಾಗುವುದಿಲ್ಲ. ಒಂದೇ ವಠಾರದಲ್ಲಿದ್ದೂ ನೆಂಟಸ್ತನ ಬೆಳೆಸದ ಮನೆತನಗಳ ಹಾಗೆ.

ಇದರಿಂದ ಏನಾಯಿತು ಎಂದು ನೀವು ಕೇಳಬಹುದು. ಹೆಸರು ಒಂದಿದ್ದರೇನು, ಮೂರಿದ್ದರೇನು, ಹವಳ ಹವಳವೇ ತಾನೆ? ಫ್ರೆಂಚ್ ಪಾಲಿನೇಷ್ಯಾದ ಮೊರಿಯಾ ದ್ವೀಪದ ಸುತ್ತ 2019ರಲ್ಲಿ ಕಡಲು ಕಾದಿತು. ಅಲ್ಲಿ ಪೊಸಿಲೊಪೊರ ಎಂಬ, ಹೂಕೋಸಿನ ಹಾಗೆ ಗೊಂಚಲಾಗಿ ಬೆಳೆಯುವ ಹವಳ ಬಹಳ. ಅವುಗಳಲ್ಲಿ ಕೆಲವು ಸತ್ತವು, ಕೆಲವು ಬದುಕಿದವು. ನೋಡುವವರಿಗೆ, ಒಂದೇ ಜಾತಿ, ಕೆಲವು ಗಟ್ಟಿ ಪಿಂಡ ಎಂದೇ ಅನಿಸುವಂಥದು. ಡಿಎನ್‌ಎ ಓದಿ ನೋಡಿದರೆ ಸಾವು ಎಲ್ಲರ ಮೇಲೂ ಸಮನಾಗಿ ಬಿದ್ದಿರಲಿಲ್ಲ. ಕಣ್ಣಿಗೆ ಬೇರೆಯಾಗಿ ಕಾಣದ ವಂಶಗಳಲ್ಲಿ ಒಂದು ವಂಶವೇ ಉಳಿದವಕ್ಕಿಂತ ಬಹಳ ಹೆಚ್ಚು ಸತ್ತಿತ್ತು. ಸಮೀಕ್ಷೆಯವರು ಸ್ಲೇಟು ಹಿಡಿದು ಮುಳುಗಿ ಎಣಿಸಿ ಮೇಲೆ ಬಂದು, ಇಷ್ಟು ಶೇಕಡಾ ಹೋಯಿತು, ಇಷ್ಟು ಉಳಿಯಿತು ಎಂದು ಬರೆದರೆ ಆ ಲೆಕ್ಕ ಸುಳ್ಳಲ್ಲ. ಆದರೆ ಒಂದು ಮನೆತನ ಖಾಲಿಯಾಗುತ್ತಿದೆ ಎಂಬ ಸುದ್ದಿ ಆ ಲೆಕ್ಕದಲ್ಲಿ ಇಲ್ಲ.

ಬದುಕಿದ್ದು ಬಿಸಿಗೆ ಒಗ್ಗಿಕೊಂಡಿತೋ, ಅಥವಾ ಅದು ಮೊದಲಿನಿಂದಲೂ ಬೇರೆ ಜೀವಿಯೋ ಎಂಬ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ಒಗ್ಗಿಕೊಂಡಿತು ಎಂದಾದರೆ ಉಳಿದವೂ ಒಗ್ಗಿಕೊಂಡಾವು ಎಂಬ ಭರವಸೆ ಇಟ್ಟುಕೊಳ್ಳಬಹುದು. ಬೇರೆ ಜೀವಿಯಾಗಿದ್ದರೆ ಆ ಭರವಸೆಗೆ ಬುಡವಿಲ್ಲ.

ಈಗ ಲೋಕದ ಅನೇಕ ಕಡಲತೀರಗಳಲ್ಲಿ ಹವಳದ ನರ್ಸರಿಗಳಿವೆ. ಹವಳವನ್ನು ತುಂಡು ಮಾಡಿ, ಹಗ್ಗಕ್ಕೋ ಚೌಕಟ್ಟಿಗೋ ಕಟ್ಟಿ ಬೆಳೆಸಿ, ಸತ್ತ ದಿಬ್ಬದ ಮೇಲೆ ನೆಡುತ್ತಾರೆ. ಬಾಳೆಯ ಕಂದು ನೆಟ್ಟ ಹಾಗೆ. ಕಂದು ನೆಟ್ಟ ತೋಟ ನೋಡಲು ಚೆಂದ, ಒಂದೇ ಎತ್ತರ, ಒಂದೇ ಬಣ್ಣ. ಆದರೆ ನಂಜನಗೂಡು ರಸಬಾಳೆಗೆ ಪನಾಮ ಸೊರಗು ರೋಗ ಬಂದಾಗ ಏನಾಯಿತೆಂದು ಮೈಸೂರು ಸೀಮೆಯ ರೈತರನ್ನು ಕೇಳಿ. ಒಂದಕ್ಕೆ ತಗಲಿದ್ದು ಎಲ್ಲಕ್ಕೂ ತಗಲಿತು. ತುಂಡು ಕೀಳುವಾಗ ಯಾವ ವಂಶದಿಂದ ಕೀಳುತ್ತಿದ್ದೇವೆ, ಎಲ್ಲಿ ನೆಡುತ್ತಿದ್ದೇವೆ ಎಂದು ತಿಳಿಯದಿದ್ದರೆ, ಆಳದ ಹವಳವನ್ನು ತಂದು ಬಿಸಿಲಿಗೆ ನೆಟ್ಟು, ಹವಳ ಬದುಕಲಿಲ್ಲ ಎಂದು ಕೈ ಒರೆಸಿಕೊಳ್ಳುವುದೂ ನಡೆಯುತ್ತದೆ.

ನಮ್ಮ ವನ್ಯಜೀವಿ ಕಾಯ್ದೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ ಒಂದೇ ಏಟಿಗೆ ಮೊದಲನೆಯ ಷೆಡ್ಯೂಲಿಗೆ ಸೇರಿಸಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ. ಒಳ್ಳೆಯ ಕೆಲಸ. ಕೀಳಬಾರದು ಎನ್ನಲು ಅಷ್ಟು ಸಾಕು. ನೇತ್ರಾಣಿಯ ಬಂಡೆಗಳಿಗೆ ಅಂಟಿಕೊಂಡು, ಮಳೆಗಾಲದ ಕೆಸರುನೀರನ್ನು ತಡೆದುಕೊಂಡು, ಹೇಗೋ ಬದುಕಿರುವ ತೇಪೆತೇಪೆ ಹವಳಗಳೂ ಇದರೊಳಗೆ ಬಂದವು. ಆದರೆ ಬಿಸಿನೀರು ಕಾಯ್ದೆ ಓದುವುದಿಲ್ಲ. ಅಂಥ ಕದಡಿದ ನೀರಿನಲ್ಲಿ ಬದುಕಿದವು ಲಕ್ಷದ್ವೀಪದ ತಿಳಿನೀರಿನ ಹವಳದ ಬಂಧುಗಳೋ, ಬೇರೆ ಗೋತ್ರವೋ ಎಂಬುದು ನೇತ್ರಾಣಿಗೆ ಡೈವಿಂಗಿಗೆ ಹೋಗುವ ಪ್ರವಾಸಿಗೆ ಹೊಳೆಯದ ಪ್ರಶ್ನೆ. ನಾನೂ ಅಲ್ಲಿ ಮುಖವಿಟ್ಟು ನೋಡಿದಾಗ ಹೊಳೆದದ್ದು ಇದಲ್ಲ, ದೋಣಿ ಯಾವಾಗ ವಾಪಸು ಹೊರಡುತ್ತದೆ ಎಂಬುದೊಂದೇ.

ಇನ್ನು ಕಡಲು ಬಿಟ್ಟು ಘಟ್ಟ ಹತ್ತೋಣ. ಒಂದೇ ಹೆಸರಿನ ಹಿಂದೆ ಅಡಗಿ ಕೂತವು ಅಲ್ಲೂ ಇವೆ.

ಆಗುಂಬೆಯ ಕಾಳಿಂಗ ಸರ್ಪ ನಿಮಗೆಲ್ಲ ಗೊತ್ತು. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಅದು ಕೊಟ್ಟಿಗೆಯ ಹಿಂದೆ, ಬಚ್ಚಲಿನ ಸೌದೆ ರಾಶಿಯಲ್ಲಿ ಬರುವ ನೆಂಟ. ಕೇರೆಹಾವನ್ನು ಅಟ್ಟಿಸಿಕೊಂಡು ಬಂದು ಅಡಿಗೆಮನೆ ಹೊಕ್ಕದ್ದೂ ಇದೆ. ಬೇರೆ ಸೀಮೆಯವರಾದರೆ ದೊಣ್ಣೆ ಹುಡುಕುತ್ತಿದ್ದರೋ ಏನೋ, ಇಲ್ಲಿ ಹೆಚ್ಚಿನವರು ಕೈ ಮುಗಿದು ಹಾವು ಹಿಡಿಯುವವರಿಗೆ ಫೋನು ಮಾಡುತ್ತಾರೆ. ಈ ಮರ್ಯಾದೆಯನ್ನು ಕಂಡೇ ಉರಗತಜ್ಞ ರೋಮುಲಸ್ ವಿಟೇಕರ್ ಆಗುಂಬೆಯನ್ನು ಮರೆಯದೆ, 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು ಎಂದು ನನ್ನ ನಂಬಿಕೆ. ಮುಂದೆ ಹಾವುಗಳ ಮೈಯೊಳಗೆ ರೇಡಿಯೋ ಇಟ್ಟು, ಅವು ಎಲ್ಲಿ ಮಲಗುತ್ತವೆ, ಎಲ್ಲಿ ಬೇಟೆಯಾಡುತ್ತವೆ ಎಂದು ಹಿಂದೆಯೇ ನಡೆದು ನೋಡುವ ಕೆಲಸವೂ ಅಲ್ಲೇ ನಡೆಯಿತು.

ಒಂದು ಗೂಡನ್ನು ನಾನೂ ನೋಡಿದ್ದೇನೆ. ಏಪ್ರಿಲ್ ಕೊನೆ. ಬಿದಿರುಮೆಳೆಯ ಬುಡದಲ್ಲಿ ತರಗೆಲೆಯ ಗುಪ್ಪೆ, ಮೊಣಕಾಲೆತ್ತರ. ಯಾರೋ ಅಂಗಳ ಗುಡಿಸಿ ರಾಶಿ ಹಾಕಿದ ಹಾಗೆ. ಕೈ ಇಲ್ಲದ ಪ್ರಾಣಿ ಮೈಯ ಸುರುಳಿಯಿಂದಲೇ ಎಲೆ ಎಳೆದು ಒತ್ತಿ ಕಟ್ಟಿದ್ದು ಅದು. ಹಾವುಗಳಲ್ಲಿ ಹೀಗೆ ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಗುಪ್ಪೆಯ ಮೇಲೆ ತಾಯಿ ಸುತ್ತಿಕೊಂಡು ಕೂತಿತ್ತು. ನಾವು ಇಪ್ಪತ್ತು ಮಾರು ದೂರದಲ್ಲಿ ನಿಂತಿದ್ದೆವು. ತಲೆ ಎತ್ತಲಿಲ್ಲ, ಹೆಡೆ ಬಿಚ್ಚಲಿಲ್ಲ, ನಾಲಿಗೆ ಮಾತ್ರ ಒಳಗೂ ಹೊರಗೂ. ಅರ್ಧ ಗಂಟೆ ಹೀಗೇ. ಅಷ್ಟರಲ್ಲಿ ಮೊದಲ ಮಳೆ ಹನಿ ಬಿತ್ತು. ಎಲೆಗಳ ಮೇಲೆ ಬಿದ್ದ ನೀರು ಹೊರಮೈ ಮೇಲೆ ಜಾರಿ ಹೋಯಿತೇ ಹೊರತು ಒಳಗೆ ಇಳಿಯಲಿಲ್ಲ. ಹುಲ್ಲಿನ ಮಾಡು ಹೊದೆಸುವವನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಈ ಹಾವಿಗೆ ವಿಜ್ಞಾನದಲ್ಲಿ ಹೆಸರು ಬಂದದ್ದು 1836ರಲ್ಲಿ, ಥಿಯೋಡರ್ ಕ್ಯಾಂಟರ್ ಎಂಬಾತ ಬಂಗಾಳದ ಹಾವನ್ನು ನೋಡಿ ಇಟ್ಟದ್ದು. ಅಲ್ಲಿಂದ ಸುಮಾರು 190 ವರ್ಷ, ಆಗುಂಬೆಯಿಂದ ಫಿಲಿಪ್ಪೀನ್ಸ್‌ವರೆಗೆ ಕಾಳಿಂಗ ಎಂದರೆ ಒಂದೇ ಪ್ರಭೇದ: ಒಫಿಯೋಫೇಗಸ್ ಹನ್ನಾ. ಹುಡುಗರಿಗೆ ನಾನು ಬೋರ್ಡಿನ ಮೇಲೆ ಬರೆದದ್ದೂ ಇದನ್ನೇ.

ಇದನ್ನು ಅನುಮಾನಿಸಿದವರಲ್ಲಿ ಉರಗತಜ್ಞ ಪಿ. ಗೌರಿಶಂಕರ್ ಮುಖ್ಯರು. 2005ರಲ್ಲಿ ಅವರಿಗೆ ಕಾಳಿಂಗ ಕಚ್ಚಿತು. ನಮ್ಮ ದೇಶದಲ್ಲಿ ತಯಾರಾಗುವ ವಿಷನಿವಾರಕ ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕಾಳಿಂಗಕ್ಕೆ ಇದ್ದದ್ದು ಥಾಯ್ಲೆಂಡಿನ ಔಷಧ, ಅಲ್ಲಿನ ಕಾಳಿಂಗದ ವಿಷದಿಂದ ತಯಾರಿಸಿದ್ದು. ಅದು ಅವರಿಗೆ ಸರಿಯಾಗಿ ನಾಟಲಿಲ್ಲ, ಮೇಲಾಗಿ ಮೈಗೆ ಒಗ್ಗದೆ ತೊಂದರೆ ಕೊಟ್ಟಿತು. ಮೈಗೆ ಇಳಿದ ವಿಷದ ಪ್ರಮಾಣ ಕಡಿಮೆಯಿದ್ದದ್ದು ಅದೃಷ್ಟ. ಚೇತರಿಸಿಕೊಂಡ ಮೇಲೆ ಅವರ ತಲೆಯಲ್ಲಿ ಉಳಿದ ಪ್ರಶ್ನೆ ಎಂದರೆ, ಅಲ್ಲಿನ ಹಾವೂ ಇಲ್ಲಿನ ಹಾವೂ ನಿಜಕ್ಕೂ ಒಂದೆಯೇ? ಅಮ್ಮಮ್ಮನ ಸೊನೆಯ ಹಾಗೆ, ಇಲ್ಲಿ ವಿಷವೇ ಸುಳಿವು ಕೊಟ್ಟಿತು.

ಗೌರಿಶಂಕರ್ ಮತ್ತು ದೇಶವಿದೇಶಗಳ ಸಹಸಂಶೋಧಕರು ಡಿಎನ್‌ಎ ಹೋಲಿಸಿ 2021ರಲ್ಲಿ ಬರೆದರು: ಕಾಳಿಂಗದಲ್ಲಿ ನಾಲ್ಕು ವಂಶಗಳಿವೆ. ನನಗೆ ಅವರಲ್ಲಿ ಮೆಚ್ಚಿಗೆಯಾದದ್ದು, ತಕ್ಷಣ ಹೆಸರಿಡಲು ಓಡಲಿಲ್ಲ. ಮ್ಯೂಸಿಯಮ್ಮುಗಳ ಹಳೆಯ ಹಾವುಗಳನ್ನು ತೆಗೆದು, ಪಟ್ಟೆ ನೋಡಿ, ಹಲ್ಲು ಎಣಿಸಿ, 2024ರಲ್ಲಿ ಹೆಸರು ಬಂತು. ಉತ್ತರ ಭಾರತದಿಂದ ಪೂರ್ವಕ್ಕೆ ಹನ್ನಾ ಉಳಿಯಿತು. ಮಲಯ, ಇಂಡೋನೇಷ್ಯಾ ಕಡೆಯದಕ್ಕೆ 1837ರ ಹಳೆಯ ಹೆಸರು ಬಂಗಾರಸ್ ಮರಳಿ ಬಂತು. ಫಿಲಿಪ್ಪೀನ್ಸಿನ ಲುಜಾನ್ ದ್ವೀಪದ್ದು ಸಾಲ್ವಟಾನ. ಪಶ್ಚಿಮಘಟ್ಟದ್ದು, ನಮ್ಮದು, ಒಫಿಯೋಫೇಗಸ್ ಕಾಳಿಂಗ. ಹಾವಿಗೆ ನಮ್ಮ ಅಜ್ಜಂದಿರು ಕರೆದ ಹೆಸರೇ ಲ್ಯಾಟಿನ್ ಪಟ್ಟಿ ಸೇರಿತು. ಗುರುತು? ಮೈಮೇಲಿನ ತಿಳಿ ಪಟ್ಟೆಗಳಿಗೆ ಕಪ್ಪು ಅಂಚು ಇಲ್ಲ. ಇಷ್ಟೇ. ಇದನ್ನು ಎಷ್ಟು ಜನ ನೋಡಿದ್ದರು, ಎಷ್ಟು ಫೋಟೋ ತೆಗೆದಿದ್ದರು!

ಇದರ ಅರ್ಥ ಲೆಕ್ಕದಲ್ಲಿ ನೋಡಿ. ನಿನ್ನೆಯವರೆಗೆ ನಮ್ಮ ಕಾಳಿಂಗ ಅರ್ಧ ಏಷ್ಯಾದಲ್ಲಿ ಹರಡಿದ ಪ್ರಾಣಿ. ಇಲ್ಲಿ ಕಡಿಮೆಯಾದರೆ ಅಸ್ಸಾಮಿನಲ್ಲಿ ಇದೆ, ಥಾಯ್ಲೆಂಡಿನಲ್ಲಿ ಇದೆ ಎನ್ನಬಹುದಿತ್ತು. ಇವತ್ತು ಅದಕ್ಕೆ ಘಟ್ಟಸಾಲು ಬಿಟ್ಟರೆ ಬೇರೆ ಮನೆಯಿಲ್ಲ. ಹಾವು ಒಂದೂ ಕಡಿಮೆಯಾಗಿಲ್ಲ, ಕಾಗದದ ಮೇಲೆ ಅದರ ಲೋಕ ಮಾತ್ರ ಕಿರಿದಾಗಿದೆ. ಮೃಗಾಲಯಗಳಲ್ಲಿ ಜೋಡಿ ಮಾಡುವಾಗ ಯಾವ ಕಾಡಿನ ಗಂಡು, ಯಾವ ಕಾಡಿನ ಹೆಣ್ಣು ಎಂದು ಕೇಳಬೇಕಾಗಿದೆ. ವಿಷನಿವಾರಕ ಮಾಡುವವರು ನಮ್ಮ ಹಾವಿನ ವಿಷದಿಂದಲೇ ಮಾಡಬೇಕಾಗಿದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಡಿಎನ್‌ಎಯಲ್ಲಿ ಗೆರೆ ಕಂಡ ಕಡೆಯೆಲ್ಲ ಹೊಸ ಹೆಸರಿಡುವ ಚಟ ನನಗೆ ಅಷ್ಟು ಇಷ್ಟವಿಲ್ಲ. ವ್ಯತ್ಯಾಸ ಎಲ್ಲರಲ್ಲೂ ಇರುತ್ತದೆ. ಎಷ್ಟಾದರೆ ಬೇರೆ ಮನೆ, ಎಷ್ಟಾದರೆ ಬೇರೆ ಕೋಣೆ ಎಂಬುದಕ್ಕೆ ಬ್ರಹ್ಮಲಿಖಿತ ಇಲ್ಲ. ತುಂಗೆಯೂ ಭದ್ರೆಯೂ ಹುಟ್ಟುವುದು ಒಂದೇ ಗಂಗಾಮೂಲದಲ್ಲಿ. ಆದರೂ ‘ತುಂಗಾ ಪಾನ’ ಎಂದು ಹೊಗಳುವ ನೀವು ಶಿವಮೊಗ್ಗದವರು ಭದ್ರಾವತಿಯ ನೀರು ಕುಡಿದು ಬೆಳೆದ ನಮ್ಮನ್ನು ಒಂದು ಕೈ ಕೆಳಗೆ ನೋಡುತ್ತೀರಿ. (ನಗು) ವಾದಕ್ಕೆ ಬಿಟ್ಟ ವಿಷಯ. ಆದರೆ ಹೆಸರು ಕೊಡುವುದು ಬಿಡುವುದು ಏನೇ ಇರಲಿ, ವ್ಯತ್ಯಾಸವನ್ನು ನೋಡದೆ ಉಪಕಾರ ಮಾಡಲು ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಕಥೆಯಿದೆ. ನನ್ನ ಪಾಲಿಗೆ ಇವತ್ತಿನ ಉಪನ್ಯಾಸದ ತಿರುಳು ಅದೇ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎಸೆದವರು ಈ ಸಭೆಯಲ್ಲಿ ಎಷ್ಟು ಜನ? ಎಲ್ಲರೂ. ಬಾಯಿ ತೆರೆದು ಒಂದರ ಮೇಲೊಂದು ಬೀಳುವ ಆ ದೇವರ ಮೀನುಗಳು, ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿರುವಂಥವು, ಮಹಶೀರ್ ಬಳಗದವು. ಮಹಶೀರ್‌ಗಳಲ್ಲಿ ಟಾರ್ ಖುದ್ರಿ ಎಂಬುದನ್ನು ಕರ್ನಲ್ ಸೈಕ್ಸ್ 1839ರಲ್ಲಿ ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ ವರ್ಣಿಸಿದ. ರೆಕ್ಕೆಗಳಿಗೆ ನೀಲಿ ಛಾಯೆ. ಮುಳಾ-ಮುಠಾ ಸೇರುವುದು ಕೊನೆಗೆ ಕೃಷ್ಣೆಗೆ. ಕೂಡಲಿಯಲ್ಲಿ ಒಂದಾಗುವ ನಮ್ಮ ತುಂಗಭದ್ರೆ ಸೇರುವುದೂ ಕೃಷ್ಣೆಗೇ.

ಕಾವೇರಿ ಬೇರೆ ಮನೆ. ಅಲ್ಲಿ ಇನ್ನೊಂದು ಮಹಶೀರ್ ಇತ್ತು. ಬೆನ್ನ ಮೇಲೆ ಗೂನು, ಬಂಗಾರದ ಮೈ, ದಂಡೆಯವರು ಬಿಳಿಮೀನು ಎನ್ನುತ್ತಿದ್ದರು. ಎಂಥ ದೈತ್ಯ ಎಂದರೆ, ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಾಕಿದ್ದು 120 ಪೌಂಡು ತೂಗಿತು. ಅಂದರೆ 54 ಕಿಲೋ, ಒಂದು ಅಡಿಕೆ ಮೂಟೆ. ಆ ದಾಖಲೆಗಾಗಿ ಲೋಕದ ಗಾಳಗಾರರು ಕಾವೇರಿಗೆ ಬರುತ್ತಿದ್ದರು. ಲೋಕವೆಲ್ಲ ಬಲ್ಲ ಈ ಮೀನಿಗೆ ವಿಜ್ಞಾನದ ಸರಿಯಾದ ಹೆಸರು ಮಾತ್ರ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆದರು. ಹೆಚ್ಚಿನವರಿಗೆ ಮಹಶೀರ್ ಎಂದರೆ ಮಹಶೀರ್.

ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವುಗಳಿಂದ ಮಹಶೀರ್ ಕಡಿಮೆಯಾಗುತ್ತಾ ಬಂತು. ಒಳ್ಳೆಯ ಮನಸ್ಸಿನವರು ಯೋಚಿಸಿದರು: ಮರಿ ಮಾಡಿಸಿ ನದಿಗೆ ಬಿಡೋಣ. ಮಹಾರಾಷ್ಟ್ರದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಮಹಶೀರ್ ಮರಿ ಮಾಡಿಸುವ ವಿದ್ಯೆ ಕೈಗೂಡಿತ್ತು. ಅಲ್ಲಿಂದ ಮರಿಗಳು ಬಂದವು, ಕಾವೇರಿಗೆ ಬಿದ್ದವು. ಅವು ಕೃಷ್ಣೆಯ ಕಡೆಯ ನೀಲಿರೆಕ್ಕೆಯ ಖುದ್ರಿ. ಬಿಟ್ಟವರ ಕಣ್ಣಿಗೆ ಮಹಶೀರ್ ಮಹಶೀರೇ. ಖುದ್ರಿ ಬೇಗ ಹೊಂದಿಕೊಂಡಿತು, ಹೆಚ್ಚಿತು. ಗಾಳಗಾರರ ಬಿಡಾರವೊಂದರ 1998ರಿಂದ 2012ರವರೆಗಿನ ಲೆಕ್ಕದ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು ಕೂತು ಓದಿದರು. ಒಟ್ಟು ಸಿಗುವ ಮೀನು ಏರುತ್ತಿತ್ತು. ಎಲ್ಲರೂ ಖುಷಿಯಾಗಿದ್ದರು. ಬೇರೆ ಮಾಡಿ ಎಣಿಸಿದರೆ ಏರಿದ್ದು ನೀಲಿರೆಕ್ಕೆ. ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಕುಸಿದು ಬೆರಳೆಣಿಕೆಗೆ ಬಂದಿತ್ತು.

2018ರಲ್ಲಿ ಅದಕ್ಕೆ ಹೆಸರು ಸಿಕ್ಕಿತು. ಕೇರಳದ ಪಾಂಬಾರ್ ಎಂಬ, ಕಾವೇರಿಗೇ ನೀರು ಹೋಗುವ ಹೊಳೆಯಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಇದು ಎಂದು ಗೊತ್ತಾಯಿತು. ಹೆಸರು ಸಿಕ್ಕ ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಹೋಯಿತು. ನಾಮಕರಣವೂ ಐಸಿಯುವೂ ಒಟ್ಟಿಗೇ. ಹೆಸರಿಲ್ಲದ ಮೀನನ್ನು ಯಾವ ಪಟ್ಟಿಗೆ ಹಾಕಲು ಬರುತ್ತಿತ್ತು?

ನಾನು ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ಮರಿ ಬಿಟ್ಟವರು ಸಂರಕ್ಷಣೆಗೆಂದೇ ಬಿಟ್ಟರು. ನಾನು ಆ ಜಾಗದಲ್ಲಿದ್ದರೆ ನಾನೂ ಬಿಡುತ್ತಿದ್ದೆ, ಫೋಟೋಕ್ಕೂ ನಿಲ್ಲುತ್ತಿದ್ದೆ. ಅದಕ್ಕೇ ಹೇಳುತ್ತಿರುವುದು. ನಮ್ಮ ಭದ್ರಾವತಿಯ ಮೇಲುಗಡೆ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೀನುಮರಿ ಕೇಂದ್ರ ಇದೆ. ಕೆರೆಗೆ ಕಾಟ್ಲಾ, ರೋಹು ಮರಿ ಬಿಡುವುದು ಬೇರೆ, ಅದು ಸಾಕುವ ಮೀನು. ಆದರೆ ಮುಂದೆ ಯಾವತ್ತಾದರೂ ತುಂಗೆಗೋ ಭದ್ರೆಗೋ ದೇವರ ಮೀನಿನ ಮರಿ ಬಿಡೋಣ ಎಂದು ಯಾರಾದರೂ ಬಕೆಟು ಹಿಡಿದು ಬಂದರೆ, ಹಾರ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಮರಿಯ ತಾಯಿ ಯಾವ ಹೊಳೆಯದ್ದು?

ಕಪ್ಪೆಗಳಲ್ಲೂ ಇದೇ ಕಥೆ. ಬೇಗ ಮುಗಿಸುತ್ತೇನೆ, ಸಂಘಟಕರು ಗಡಿಯಾರ ನೋಡುತ್ತಿದ್ದಾರೆ. ಜೋಗದ ಹತ್ತಿರ ಕತ್ತಲೆಕಾನಿನ ಹಳ್ಳಗಳಲ್ಲಿ ನಿಕ್ಟಿಬಟ್ರಾಕಸ್ ಎಂಬ ಇರುಳುಗಪ್ಪೆಗಳಿವೆ. 2011ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮಘಟ್ಟದ ಇಂಥ 12 ಹೊಸ ಕಪ್ಪೆಗಳನ್ನು ಒಟ್ಟಿಗೇ ವರ್ಣಿಸಿದರು. ಒಂದರ ಹೆಸರೇ ಜೋಗ್. ಮೂರು ವರ್ಷದ ಬಳಿಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದೇ ಸೀಮೆಯಲ್ಲಿ ಇನ್ನೊಂದನ್ನು ಗುರುತಿಸಿದರು. ಗಂಡುಕಪ್ಪೆ ಹಳ್ಳದ ತಳದಿಂದ ಕೈಯಲ್ಲಿ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಕೂಗು ಕೇಳಿ, ಮಣ್ಣು ಮೆತ್ತುವುದನ್ನು ಇರುಳಿಡೀ ಕಾದು ನೋಡಿ, ಜತೆಗೆ ಡಿಎನ್‌ಎ ಓದಿ ಬೇರೆ ಮಾಡಿದ್ದು. ಇದೇ ಗುರುರಾಜ ಅದಕ್ಕೂ ಹಿಂದೆ, 2001ರಲ್ಲಿ, ಎಸ್.ವಿ. ಕೃಷ್ಣಮೂರ್ತಿ ಮತ್ತು ಮಂಜುನಾಥ ರೆಡ್ಡಿ ಅವರ ಜತೆ ಕುದುರೆಮುಖದ ಒಂದು ಇರುಳುಗಪ್ಪೆಯನ್ನು ವರ್ಣಿಸಿದ್ದರು. ಆ ಕೆಲಸ ಹೊರಟದ್ದು ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಎಂದು ಭದ್ರಾವತಿ ತಾಲೂಕಿನವನಾಗಿ ಸ್ವಲ್ಪ ಜಂಬ ಪಡುತ್ತೇನೆ.

ಜಂಬದ ಜತೆಗೇ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. ಆ ಕಬ್ಬಿಣದಿಂದ ನಮ್ಮ ಊರು ಉಂಡಿತು, ನನ್ನಂಥವರು ಓದಿದರು. ಆ ಕಾನುಗಳ ಹಳ್ಳದಲ್ಲಿ ಎಷ್ಟು ಬಗೆಯ ಕಪ್ಪೆ ಕೂಗುತ್ತಿದ್ದವು ಎಂದು ಯಾರೂ ಕಿವಿಗೊಟ್ಟಿರಲಿಲ್ಲ. ಕಿವಿಗೊಟ್ಟರೂ ಆಗ ಅವೆಲ್ಲ ಒಂದೇ ಕಪ್ಪೆ.

ಕೊನೆಯದಾಗಿ ಒಂದು ಗಾಜಿನ ಜಾಡಿಯ ಸಂಗತಿ. ನಾನು ಕೆಲಸ ಮಾಡಿದ ಕಾಲೇಜೊಂದರ ಪ್ರಯೋಗಾಲಯದ ಕಪಾಟಿನಲ್ಲಿ ಫಾರ್ಮಲಿನ್ನಿನಲ್ಲಿ ಮುಳುಗಿಸಿದ ಕಾಳಿಂಗದ ಮರಿ ಇದೆ. ನಾನು ಸೇರುವ ಮೊದಲಿನಿಂದಲೂ ಇತ್ತು. ಮುಚ್ಚಳಕ್ಕೆ ಮೇಣ, ಲೇಬಲ್ಲಿನ ಮೇಲೆ ಒಫಿಯೋಫೇಗಸ್ ಹನ್ನಾ ಎಂದು ಕಪ್ಪು ಶಾಯಿಯಲ್ಲಿ. ಎಲ್ಲಿ ಸಿಕ್ಕಿತು, ಯಾವ ವರ್ಷ, ಯಾರು ತಂದರು, ಒಂದೂ ಇಲ್ಲ. ಕಳೆದ ವರ್ಷ ಅಲ್ಲಿಗೆ ಹೋಗಿದ್ದಾಗ ಅಟೆಂಡರ್, “ಸಾರ್, ಹಾವಿನ ಹೆಸರು ಬದಲಾಗಿದೆಯಂತಲ್ಲ, ಲೇಬಲ್ ಹೊಸದು ಬರೆಯೋಣವಾ?” ಎಂದು ಕೇಳಿದ. ಜಾಡಿಯನ್ನು ಕಿಟಕಿಯ ಹತ್ತಿರ ತಂದೆವು. ಆತ ಪಂಚೆಯ ತುದಿಯಿಂದ ಗಾಜು ಒರೆಸಿದ. ಕನ್ನಡಕ ತೆಗೆದು, ಹಾಕಿ, ಪಟ್ಟೆಗಳನ್ನು ನೋಡಿದೆ. ಅಂಚು ಕಪ್ಪಗಿದೆಯೇ ಇಲ್ಲವೇ ಎಂದು ತಿಳಿಯಲು ಪಟ್ಟೆಯಲ್ಲಿ ಬಣ್ಣವೇ ಉಳಿದಿರಲಿಲ್ಲ. ಇಡೀ ಹಾವು ಹಳೇ ಕಾಗದದ ಬಣ್ಣಕ್ಕೆ ಬಂದಿತ್ತು. ಫಾರ್ಮಲಿನ್ನಿನಲ್ಲಿ ಅಷ್ಟು ವರ್ಷ ನೆನೆದ ಮಾಂಸದಿಂದ ಡಿಎನ್‌ಎ ತೆಗೆಯುವುದೂ ಸುಲಭವಲ್ಲ. ಆಗುಂಬೆಯದ್ದೇ ಇರಬೇಕು ಸಾರ್, ಇಲ್ಲಿಂದ ಹತ್ತಿರ ಅಲ್ಲವಾ ಎಂದ ಅವನು. ಇರಬಹುದು. ಹೊರಗಿನ ವ್ಯಾಪಾರಿಯಿಂದ ಕೊಂಡು ತಂದದ್ದೂ ಇರಬಹುದು. ಹಳೆಯ ಲೇಬಲ್ಲನ್ನು ಹಾಗೇ ಬಿಟ್ಟು, ಕೆಳಗೆ ಪೆನ್ಸಿಲಿನಲ್ಲಿ ‘ಊರು ಗೊತ್ತಿಲ್ಲ’ ಎಂದು ಬರೆದು, ಜಾಡಿಯನ್ನು ಮತ್ತೆ ಕಪಾಟಿನಲ್ಲಿಟ್ಟೆವು.